ಬೂದುಗಿಡದ ಆಚೆಬದಿ

ಇವತ್ತಾದರೂ ಮಾಡಬಾರದಾಗಿತ್ತು ಎಂದು ಅವನಿಗೆ ಅನ್ನಿಸಿದ್ದು, ಬಚ್ಚಲ ನಲ್ಲಿಯ ಕೆಳಗೆ ಬ್ರಷ್ ಹಿಡಿದು ಅದರ ತುದಿಯ ಹಳದಿ ಪುಡಿ ನೀರಿನಲ್ಲಿ ಎಳೆಯಾಗಿ ಹರಿದುಹೋಗುವುದನ್ನು ನೋಡುತ್ತಿದ್ದಾಗ. ಕಟ್ಟಿದ ಹಲ್ಲಿಗೆ ಬಣ್ಣ ಕೊಡುವ ಬ್ರಷ್ ಅದು. ಬೆರಳೆಣಿಕೆಯ ಕೂದಲುಗಳ ಮೊನೆ. ಅದರಲ್ಲಿ ಅವನು ಊರಿನ ಅರ್ಧದಷ್ಟು ಮುದುಕರ ಬಾಯಿಗೆ ಚಹಾದ ಕಲೆ ಬಳಿದಿದ್ದಾನೆ, ವಯಸ್ಸಿನ ಹಳದಿ ಬಳಿದಿದ್ದಾನೆ, ಒಸಡಿನ ಬಳಿ ಕಂಡೂ ಕಾಣದ ನಸುಗಂದು ಗೆರೆ ಎಳೆದಿದ್ದಾನೆ. ಹೊಸ ಹಲ್ಲು ಹೊಸದಾಗಿ ಕಾಣಬಾರದು, ಅದೇ ಅವನ ವಿದ್ಯೆ. ಆ ಬ್ರಷ್ಷಿನಲ್ಲೇ ಈ ಹೂಬಿಡುವ ತಿಂಗಳಲ್ಲಿ ಪ್ರತಿ ಬೆಳಗ್ಗೆ, ಬೀದಿ ಏಳುವ ಮುಂಚೆ, ಮನೆಯ ಪಕ್ಕದ ಓಣಿಯುದ್ದಕ್ಕೂ ಬೆಳೆದ ಬೂದುಗಿಡದ ಹೂಗಳನ್ನು ಒಂದೊಂದಾಗಿ ಮುಟ್ಟುತ್ತ ಬರುತ್ತಾನೆ. ಈ ಹೂವಿನ ಪರಾಗ ಆ ಹೂವಿಗೆ, ಅದರದ್ದು ಅದರಾಚೆಯದಕ್ಕೆ. ಜೇನುಹುಳ ಮಾಡಬೇಕಾದ ಕೆಲಸ. ಹುಳಗಳೇ ಮಾಡುತ್ತಿವೆ ಎಂದು ಅವನು ಬೀದಿಗೆಲ್ಲ ಹೇಳಿಕೊಂಡು ಬಂದ ಕೆಲಸ. ಇವತ್ತು ಆ ಹುಳಗಳನ್ನು ಕಣ್ಣಾರೆ ನೋಡಲು ಕೀಟಶಾಸ್ತ್ರದ ಮೇಡಂ ಒಬ್ಬರು ಬರುತ್ತಿದ್ದಾರೆ. ಅವರು ಬರುವ ಮುಂಚೆ ಹೂಗಳು ಯಾರೋ ಬಂದುಹೋದ ಹಾಗೆ ಕಾಣಲಿ ಎಂದು, ಇವತ್ತು ಅವನು ಎಂದಿಗಿಂತ ಬೇಗ ಎದ್ದು, ಎಂದಿಗಿಂತ ಶ್ರದ್ಧೆಯಿಂದ, ಒಂದನ್ನೂ ಬಿಡದೆ ಮುಗಿಸಿಬಿಟ್ಟಿದ್ದ.

"ಏನ್ರೀ ಅದು ಅಷ್ಟೊತ್ತಿಂದ ತೊಳೀತಾ ಇರೋದು?" ಹೆಂಡತಿ ಬಾಗಿಲಾಚೆಯಿಂದ ಕೇಳಿದಳು.

"ಕೈ."

"ನಿಮ್ಮದೊಂದೇನಾ, ಬೀದಿಯವರದ್ದೆಲ್ಲಾ ಈಸ್ಕೊಂಡು ಬಂದಿದ್ದೀರಾ?"

ಅವನು ಬ್ರಷ್ಷನ್ನು ಜೇಬಿಗೆ ಸೇರಿಸಿ ಹೊರಗೆ ಬಂದ. ಅವಳು ದೊಡ್ಡಾಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಹೆರಿಗೆ ಎಲ್ಲಿ, ಶವಾಗಾರ ಎಲ್ಲಿ ಎಂದು ಕೇಳುವವರಿಗೆ ಒಂದೇ ದನಿಯಲ್ಲಿ ದಾರಿ ಹೇಳಿ ಹೇಳಿ, ಮನೆಯಲ್ಲೂ ಅವಳ ಮಾತಿಗೆ ಬಾಣದ ಗುರುತು ಹಚ್ಚಿದಂತಿರುತ್ತಿತ್ತು. ಅವಳು ಗಿಡವನ್ನು ಸವತಿ ಎನ್ನುತ್ತಾಳೆ. ನೆಂಟರೆದುರು ಕೂಡ. "ಸವತಿಗೆ ಈಗ ಹೂ ಮುಡಿಯೋ ಕಾಲ, ಇವರು ಮನೇಲಿರೋದೇ ಅಪರೂಪ" ಎಂದು ನಾದಿನಿಗೆ ಫೋನಿನಲ್ಲಿ ಹೇಳುವುದನ್ನು ಅವನೇ ಕೇಳಿದ್ದಾನೆ. ಕೇಳಿ, ಒಳಗೊಳಗೇ ಹಿಗ್ಗಿದ್ದಾನೆ. ತನಗೊಂದು ಗುಟ್ಟಿನ ಬದುಕಿದೆ ಎಂದು ಯಾರಾದರೂ ಅಂದುಕೊಳ್ಳುವುದು ಈ ವಯಸ್ಸಿನಲ್ಲಿ ಸಣ್ಣ ಮಾತಲ್ಲ.

ಓಣಿಗೆ ಬಂದು ನಿಂತ. ಗಿಡಗಳ ಈ ಬದಿ ಇನ್ನೂ ತಮ್ಮದೇ ನೆರಳಿನಲ್ಲಿ ಮಲಗಿತ್ತು. ತಲೆಗಿಂತ ಎತ್ತರಕ್ಕೆ ಬೆಳೆದ ಸಾಲು. ಒತ್ತೊತ್ತಾದ ಮುಳ್ಳು, ಒಲೆಯ ಬೂದಿ ಮೆತ್ತಿದಂಥ ಎಲೆ, ಎಲೆಗಳ ನಡುವೆ ಕಣ್ಣು ಕುಕ್ಕುವ ಹಳದಿ ಹೂ. ಈ ಹೂವಿನ ಬಣ್ಣಕ್ಕೆ ಅವನ ಹಲ್ಲಿನ ಶೇಡ್ ಪಟ್ಟಿಯಲ್ಲಿ ಹೆಸರಿಲ್ಲ. ಇಂಥ ಹಳದಿ ಯಾವ ಬಾಯಿಗೂ ಬಂದಿಲ್ಲ. ಸುತ್ತಲಿನ ಮರಳುಗಾಡು ಒಂದು ಕಾಲಕ್ಕೆ ಇದರಿಂದಲೇ ತುಂಬಿತ್ತಂತೆ. ಕಡಿದು ಸುಟ್ಟು ಮುಗಿಸಿದ ಮೇಲೆ ಇದನ್ನೇ ನಂಬಿದ ಹುಳಗಳೂ ದೂರ ಸರಿದವಂತೆ. ಹಾಗೆಂದು ಅವನು ಓದಿದ್ದು ದಂತವೈದ್ಯರ ಕಾಯುವ ಕೋಣೆಯ ಹಳೇ ಪತ್ರಿಕೆಯಲ್ಲಿ. ಊರಾಚೆಯ ಕಲ್ಲುಗಣಿಯ ಅಂಚಿನಲ್ಲಿ ಉಳಿದಿದ್ದ ಒಂದು ಪೊದೆಯಿಂದ ಬೀಜ ತಂದಿದ್ದ. ಬೀಜವೋ, ಕಲ್ಲೋ. ನೆನೆಹಾಕಿದರೆ ನೆನೆಯಲಿಲ್ಲ, ಬಿಸಿನೀರಿಗೆ ಬಗ್ಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಯಾರದೋ ಕೆಳದವಡೆಯ ಸೆಟ್ಟು ಪಾಲಿಶ್ ಮಾಡುತ್ತಿದ್ದವನಿಗೆ ಏನು ಹೊಳೆಯಿತೋ, ಚಿಮುಟದಲ್ಲಿ ಬೀಜ ಹಿಡಿದು ತಿರುಗುವ ಚಕ್ರಕ್ಕೆ ತಾಗಿಸಿದ. ಕಂದು ಸಿಪ್ಪೆ ತೆಳುವಾಗುತ್ತ ಬಂದು, ಒಳಗಿನ ಬಿಳುಪು ಇಣುಕುವ ಆ ಕ್ಷಣಕ್ಕೆ ಕೈ ಹಿಂದೆಗೆಯಬೇಕು. ಒಂದಿಷ್ಟು ಹೆಚ್ಚಾದರೆ ಬೀಜ ಸತ್ತಂತೆ, ಕಮ್ಮಿಯಾದರೆ ಹುಟ್ಟುವುದೇ ಇಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವನ ಬೆರಳಿಗೆ ಗೊತ್ತಿತ್ತು. ಹಾಗೆ ಉಜ್ಜಿದ ಬೀಜಗಳೆಲ್ಲ ಮೊಳೆತವು. ಈ ಸಾಲಿನ ಒಂದೊಂದು ಗಿಡವೂ ಅವನ ಬೆರಳ ತುದಿಯಿಂದ ಹುಟ್ಟಿದ್ದು. ಬೇರೆಯವರ ಅಂಗಳದ ಗುಲಾಬಿಗಳು ಕೊಡಗಟ್ಟಲೆ ನೀರು ಕುಡಿದೂ ಬೇಸಿಗೆಯಲ್ಲಿ ಕರಿದಂತಾಗುವಾಗ, ಇವು ಎಲೆ ಉದುರಿಸಿ, ಸತ್ತಂತೆ ನಟಿಸಿ, ಬಿಸಿಲು ತನ್ನ ಕೈಲಾದದ್ದೆಲ್ಲ ಮಾಡಿ ಮುಗಿಸಿದ ಮೇಲೆ ಒಂದು ಹನಿ ನೀರೂ ಕೇಳದೆ ಹೂ ಬಿಡುತ್ತವೆ. ಅದನ್ನು ನೋಡುವಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆದರೆ ಮೊದಲ ಸಲ ಹೂ ಬಿಟ್ಟಾಗ ಒಂದು ಹುಳವೂ ಬರಲಿಲ್ಲ. ಬೆಳಗಿನ ಹೊತ್ತು ಕಾದ, ರಜೆ ಹಾಕಿ ಕಾದ. ಅಂಗಡಿ ತೆರೆದು, ದೀಪ ಹಚ್ಚಿ, ಸಾಮಾನು ಒಪ್ಪವಾಗಿ ಜೋಡಿಸಿಟ್ಟುಕೊಂಡು ಕೂತವನ ಮುಂದೆ ಗಿರಾಕಿಗಳು ತಲೆತಗ್ಗಿಸಿಕೊಂಡು ಹಾದುಹೋಗುವುದನ್ನು ನೋಡಿದ ಹಾಗಾಗಿತ್ತು. ಆ ಅವಮಾನ ಗಿಡಕ್ಕೆ ಆದದ್ದೋ ತನಗೋ ಎಂದು ತಿಳಿಯಲಿಲ್ಲ. ಮರುದಿನ ಬ್ರಷ್ ತಂದ. ಅವನ ಮಟ್ಟಿಗೆ ಅದು ಮೋಸವೇನೂ ಅಲ್ಲ. ಇಲ್ಲದ ಹಲ್ಲನ್ನು ಇದೆ ಎನ್ನಿಸುವುದೇ ಕಸುಬಾದವನಿಗೆ, ಇಲ್ಲದ ಹುಳವನ್ನು ಇದೆ ಎನ್ನಿಸುವುದು ಅದೇ ಕಸುಬಿನ ಇನ್ನೊಂದು ಆರ್ಡರು. ಕಾಯಿಗಳು ಗೊಂಚಲು ಗೊಂಚಲಾಗಿ ಕಟ್ಟಿದವು. ನೋಡಿದವರು, "ಪರವಾಗಿಲ್ವೇ, ಜೇನು ವಾಪಸ್ ಬಂದ್ವು" ಅಂದರು. ಅವನು ಅಲ್ಲ ಎನ್ನಲಿಲ್ಲ. ದಂತವೈದ್ಯರು ರೋಗಿಯ ಕೈಗೆ ಕನ್ನಡಿ ಕೊಟ್ಟು, "ನೋಡಿ, ನಾನು ಕಟ್ಟಿದ್ದು ಅಂತ ಯಾರಿಗಾದ್ರೂ ಗೊತ್ತಾಗತ್ತಾ?" ಎಂದು ಕೇಳುವಾಗ, ಪರದೆಯ ಹಿಂದೆ ಪ್ಲಾಸ್ಟರ್ ಕಲಸುತ್ತ ನಿಂತ ಅವನೂ ಅಲ್ಲ ಎನ್ನುವುದಿಲ್ಲ. ತನ್ನ ಕೆಲಸವನ್ನು ಅವರು ತಮ್ಮದೆನ್ನುತ್ತಾರೆ. ತನ್ನ ಕೆಲಸವನ್ನು ತಾನು ಹುಳದ್ದೆನ್ನುತ್ತೇನೆ. ಲೆಕ್ಕ ಸರಿಹೋಯಿತು ಎಂದುಕೊಂಡಿದ್ದ.

ಸರಿಹೋಗಿರಲಿಲ್ಲ. ಗಿಡ ನಿಂತಿದ್ದು ಅವನ ಜಾಗದಲ್ಲಲ್ಲ, ಬೀದಿಯ ಜಾಗದಲ್ಲಿ. ಅವನ ಓಣಿಗೂ ಆಚೆಯ ಖಾಲಿ ನಿವೇಶನಕ್ಕೂ ನಡುವಿನ ಪಟ್ಟಿ ಅದು. ಅದನ್ನು ಸಪಾಟು ಮಾಡಿ ಕಾರು ನಿಲ್ಲಿಸಲು ಜಾಗ ಮಾಡೋಣ ಎಂದು ನಿವಾಸಿಗಳ ಸಂಘದ ಸಭೆಯಲ್ಲಿ ಸೆಕ್ರೆಟರಿ ಎದ್ದು ಹೇಳಿದ್ದರು. ನಿವೃತ್ತ ಸ್ಟೇಷನ್ ಮಾಸ್ಟರು. ಈಗಲೂ ಎರಡು ಹಳಿಗಳ ಮೇಲೇ ಯೋಚಿಸುವವರು. "ಗಿಡ ಬೇಕೋ, ಗಾಡಿ ಬೇಕೋ, ಒಂದು ತೀರ್ಮಾನ ಮಾಡಿ." ಗಾಡಿ ಎಂದು ಕೈಗಳೇಳುತ್ತಿರುವಾಗ ಅವನು ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತಿದ್ದ. ಮರಳುಗಾಡಿನ ಜೇನು, ಅಳಿದೇಹೋಗುತ್ತಿರುವ ಜಾತಿ, ಇಡೀ ಊರಲ್ಲಿ ಅದಕ್ಕೆ ಅನ್ನ ಹಾಕುತ್ತಿರುವುದು ನಮ್ಮ ಬೀದಿ ಒಂದೇ, ಬೇಕಾದರೆ ಯಾರನ್ನಾದರೂ ಕರೆದು ತೋರಿಸಿ. ಮಾತು ತಾನಾಗಿ ಬಂದಿತ್ತು, ಚಪ್ಪಾಳೆಯೂ ಬಿದ್ದಿತ್ತು. ಬೆನ್ನ ಹಿಂದೆ ತನ್ನನ್ನು ಹಲ್ಲಪ್ಪ ಎನ್ನುವವರೇ ಚಪ್ಪಾಳೆ ತಟ್ಟಿದ್ದು ಎಂದು ಗೊತ್ತಿದ್ದೂ ಮುಖ ಬಿಸಿಯಾಗಿತ್ತು. ಸೆಕ್ರೆಟರಿ ಮಾತ್ರ ಚಪ್ಪಾಳೆ ನಿಲ್ಲುವವರೆಗೂ ಕಾದು, "ಯಾರನ್ನಾದ್ರೂ ಅಂದ್ರಲ್ಲ, ಕರೀತೀನಿ" ಅಂದಿದ್ದರು. ಹೇಳಿದಂತೆ ಕರೆದೂ ಬಿಟ್ಟರು. ಮೇಡಂ ಹುಳ ಇದೆ ಎಂದರೆ ಗಿಡ ಉಳಿಯುತ್ತದೆ. ಇಲ್ಲ ಎಂದರೆ ಈ ವಾರವೇ ಜೆಸಿಬಿ.

ಮೇಡಂ ಸ್ಕೂಟರಿನಲ್ಲಿ ಬಂದರು. ಕನ್ನಡಕ, ನರೆಗೂದಲು, ಗಂಭೀರ ನಡಿಗೆ ಎಂದೆಲ್ಲ ಎಣಿಸಿಟ್ಟುಕೊಂಡಿದ್ದ ಅವನಿಗೆ, ತನ್ನ ಸೊಸೆಯಾಗಬಹುದಾದ ವಯಸ್ಸಿನ, ಟೋಪಿ ಹಾಕಿದ, ಶೂಗೆಲ್ಲ ಧೂಳು ಮೆತ್ತಿಕೊಂಡ ಹುಡುಗಿಯನ್ನು ಕಂಡು ಒಂದು ಗಳಿಗೆ ಧೈರ್ಯ ಬಂತು. ಮಡಚುವ ಸ್ಟೂಲು ಬಿಚ್ಚಿ ಅವರು ಗಿಡದ ಮುಂದೆ ಕೂತ ರೀತಿ ನೋಡಿ ಆ ಧೈರ್ಯ ಹೋಯಿತು. ಕಾಯಲು ಬಲ್ಲವರ ಕೂರುವಿಕೆ ಅದು. ಅವನಿಗೆ ಗೊತ್ತು, ಮೇಣ ಆರುವವರೆಗೆ ಅವನೂ ಹಾಗೇ ಕೂರುತ್ತಾನೆ. ಸೆಕ್ರೆಟರಿ ಕೈಗಡಿಯಾರ ಇದ್ದ ಕೈ ಮೇಲೆ ಬರುವಂತೆ ಕೈಕಟ್ಟಿಕೊಂಡು ನಿಂತರು. ಹೆಂಡತಿ ಕೆಲಸಕ್ಕೆ ಹೊರಡಲು ಸೀರೆಯುಟ್ಟು, ಚೀಲ ಹೆಗಲಿಗೇರಿಸಿಕೊಂಡು, ಹೊರಡದೆ ಬಾಗಿಲಲ್ಲೇ ನಿಂತಳು.

"ಬೀಜ ಹುಟ್ಟಿಸಿದ್ದು ನೀವೇನಾ ಸಾರ್?" ಮೇಡಂ ಕೇಳಿದರು.

"ನಾನೇ."

"ಹೇಗೆ? ನಮ್ಮ ನರ್ಸರೀಲಿ ಹತ್ತಕ್ಕೆ ಒಂದೂ ಹುಟ್ಟಲ್ಲ."

ಅವನು ಚಕ್ರದ ವಿಷಯ ಹೇಳಿದ. ಹೇಳುತ್ತ ಹೇಳುತ್ತ ಕೈಯಲ್ಲಿಲ್ಲದ ಚಿಮುಟ ಹಿಡಿದು, ಇಲ್ಲದ ಚಕ್ರಕ್ಕೆ ತಾಗಿಸಿ ತೋರಿಸಿದ. ಮೇಡಂ ಬಾಯಿ ತೆರೆದುಕೊಂಡು ಕೇಳಿದರು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಕೊಂಚ ಒಳಸರಿದಿದೆ, ತುಂಬ ಸಹಜವಾಗಿದೆ ಎಂದು ಅವನು ಗಮನಿಸಿದ. ಇಂಥದ್ದನ್ನು ಬೇಕೆಂದೇ ಮಾಡಲು ಅರ್ಧ ದಿನ ಹಿಡಿಯುತ್ತದೆ. ಇಷ್ಟಕ್ಕೇ ಇದೆಲ್ಲ ಮುಗಿದುಹೋಗಬಾರದೇ, ಈ ಹುಡುಗಿ ಎದ್ದು ಕೈಕುಲುಕಿ ಹೋಗಬಾರದೇ ಎಂದುಕೊಂಡ. ನಿಜವಾದ ಹೆಮ್ಮೆಯೊಂದು ಇಷ್ಟು ದಿನ ಕೈಯಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿ ಕೂರಿಸುವ ದರ್ದು ಏನಿತ್ತು? ಮೇಡಂ ಮತ್ತೆ ಹೂವಿನ ಕಡೆ ತಿರುಗಿದರು. ಹೊತ್ತು ಹೋಯಿತು. ಇರುವೆಯೊಂದು ಬಂತು, ಎಲೆಯ ಮೇಲೆ ಸ್ವಲ್ಪ ಓಡಾಡಿ ಇಳಿದುಹೋಯಿತು. ಯಾರದೋ ಮನೆಯ ಮಿಕ್ಸರ್ ಕೂಗಿ ನಿಂತಿತು.

"ಲೇಟಾಗಿ ಓಡ್ತಿದೆ ಅನ್ಸತ್ತೆ," ಎಂದರು ಸೆಕ್ರೆಟರಿ. "ಇಲ್ಲಾ ಈ ಸ್ಟೇಷನ್ನಲ್ಲಿ ನಿಲ್ಲಲ್ವೋ."

ಮೇಡಂ ಭೂತಗನ್ನಡಿ ತೆಗೆದು ಒಂದು ಹೂವನ್ನು ಬಗ್ಗಿಸಿ ನೋಡಿದರು. ಇನ್ನೊಂದನ್ನು ನೋಡಿದರು. ಹುಬ್ಬು ಗಂಟಾಯಿತು. "ವಿಚಿತ್ರ. ಪರಾಗ ಒಂಚೂರೂ ಉಳಿದಿಲ್ಲ. ಯಾರೋ ಆಗಲೇ ಬಂದು ಹೋಗಿದ್ದಾರೆ."

"ನಾನು ಹೇಳ್ಲಿಲ್ವೇ?" ಎಂದ ಅವನು. ದನಿ ತಾನು ಬಯಸಿದ್ದಕ್ಕಿಂತ ಜೋರಾಗಿ ಬಂತು.

"ಆದ್ರೆ ತುಂಬ ಅಚ್ಚುಕಟ್ಟು ಸಾರ್. ಒಂದು ಹೂವನ್ನೂ ಬಿಟ್ಟಿಲ್ಲ, ಕೆಳಗಿಂದ ಮೇಲೆ ಸಾಲಾಗಿ ಮಾಡ್ಕೊಂಡು ಹೋಗಿದೆ. ಇಷ್ಟು ಶಿಸ್ತಿನ ಹುಳ ನಾನು ಕಂಡೇ ಇಲ್ಲ." ಅವನ ಎದೆಯಲ್ಲಿ, ಹೆದರಿಕೆಯ ಅಡಿಯಲ್ಲಿ, ನಾಚಿಕೆಯಿಲ್ಲದ ಒಂದು ಖುಷಿ ಮಿಸುಕಿತು. ಯಾರಾದರೂ ಆ ಕೆಲಸವನ್ನು ಹೊಗಳಿದ್ದು ಇದೇ ಮೊದಲು. ಅಷ್ಟರಲ್ಲಿ ಮೇಡಂ ಸಣ್ಣ ಚಿಮುಟದಿಂದ ಹೂವಿನೊಳಗಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. ರೇಷ್ಮೆಯೆಳೆಯಂಥ ಕಂದು ಕೂದಲು. "ಇದು ಜೇನಿನ ಕಾಲಿನ ರೋಮ ಅಂತೂ ಅಲ್ಲ. ಇಷ್ಟುದ್ದ ಇರಲ್ಲ. ಇದ್ಯಾವ ಹುಳದ್ದು?"

"ಹುಳ ಅಲ್ಲ ಮೇಡಂ," ಎಂದಳು ಹೆಂಡತಿ ಬಾಗಿಲಿನಿಂದ, ಎಡಕ್ಕೆ ತಿರುಗಿ ಎರಡನೇ ಕೋಣೆ ಎನ್ನುವ ದನಿಯಲ್ಲೇ. "ನಮ್ಮನೆಯವರು."

ಅವನಿಗೆ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ, ಬೆರಗು. ಇವಳಿಗೆ ಗೊತ್ತಿತ್ತು. ಯಾವತ್ತಿನಿಂದ? ಹಾಸಿಗೆಯಿಂದ ಸದ್ದಿಲ್ಲದೆ ಏಳಲು ತಾನು ಪಟ್ಟ ಪಾಡು, ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟದ್ದು, ಇದನ್ನೆಲ್ಲ ಅವಳು ಕಣ್ಣುಮುಚ್ಚಿ ಮಲಗಿ ಕೇಳಿಸಿಕೊಂಡಿದ್ದಳು. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು.

"ಅಂದ್ರೆ, ಅಳಿದುಹೋಗ್ತಿರೋ ಆ ಜಾತಿ ಇವರೇ ಅಂತಾಯ್ತು."

"ದಿನಾ ಬ್ರಷ್ ಹಿಡ್ಕೊಂಡು ನಿಲ್ತಾರೆ," ಎಂದು ಹೆಂಡತಿ ಮುಂದುವರಿಸಿದಳು. ಈಗ ದನಿ ಕೊಂಚ ಏರಿತ್ತು, ಅದು ಸೆಕ್ರೆಟರಿಯವರ ಕಡೆಗಿತ್ತು. "ಬೆಳಗಿನ ಚಳಿ ಲೆಕ್ಕಕ್ಕಿಲ್ಲ. ಮೈತುಂಬ ಮುಳ್ಳು ಗೀರ್ಕೊಂಡು ಬಂದು ಕೈ ತೊಳೀತಾರೆ. ನಿಮ್ಮಲ್ಲಿ ಯಾರಾದ್ರೂ ಒಂದು ಗಿಡಕ್ಕೆ ಇಷ್ಟು ಮಾಡಿದ್ದೀರಾ ತೋರಿಸಿ ನೋಡೋಣ."

ಅವಳು ತನ್ನನ್ನು ಹಿಡಿದುಕೊಟ್ಟಳೋ, ಹೊಗಳಿದಳೋ ಎಂದು ಅವನಿಗೆ ತಿಳಿಯಲಿಲ್ಲ. ಪ್ರಾಯಶಃ ಅವಳಿಗೂ ತಿಳಿದಿರಲಿಲ್ಲ. ಮೇಡಂ ನಗಲಿಲ್ಲ. ಕೂದಲನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಮುಚ್ಚಿ, ತಲೆಯೆತ್ತಿ ಗಿಡದ ನೆತ್ತಿಯನ್ನೇ ನೋಡುತ್ತ ಕೂತರು. ಅಲ್ಲಿ, ಈ ಬದಿಯ ನೆರಳು ಮುಗಿದು ಬಿಸಿಲು ಹತ್ತುವ ಕಡೆ, ಆಚೆಗೆ ಬಾಗಿದ ಕೊಂಬೆಗಳಲ್ಲಿ ಕಾಯಿಗಳು ಒತ್ತೊತ್ತಾಗಿ ಜೋತುಬಿದ್ದಿದ್ದವು.

"ಸಾರ್, ಆ ಮೇಲಿನವಕ್ಕೂ ನೀವೇ ಬ್ರಷ್ ಹಾಕಿದ್ರಾ?"

ಅವನು ನೋಡಿದ. ದಿನವೂ ಇದೇ ಗಿಡದ ಮುಂದೆ ನಿಂತು, ಕೈಗೆ ಬರುವ ಎತ್ತರದಾಚೆ ಅವನು ಕಣ್ಣು ಹಾಯಿಸಿದವನೇ ಅಲ್ಲ. ತಾನು ಮುಟ್ಟದ್ದು ಏನಾದೀತು ಎಂಬ ಧಿಮಾಕು. ಹೌದು ಎನ್ನಬಹುದಾಗಿತ್ತು. ಏಣಿ ಹಾಕಿದ್ದೆ ಎಂದರೆ ಯಾರು ಕೇಳುತ್ತಾರೆ. ಒಬ್ಬ ಮನುಷ್ಯ ಒಂದು ಬ್ರಷ್ಷಿನಲ್ಲಿ ಇಡೀ ಸಾಲನ್ನು ತುದಿಮುಟ್ಟ ಫಲಕ್ಕೆ ತಂದ ಎಂಬ ಮಾತಾದರೂ ಬೀದಿಯಲ್ಲಿ ಉಳಿಯುತ್ತಿತ್ತು. ಗಿಡ ಹೋದರೂ ಆ ಹೆಸರು ಇರುತ್ತಿತ್ತು. ಕೊಂಬೆಯ ತುದಿಯಿಂದ ತುದಿಗೆ ಅಷ್ಟೂ ಕಾಯಿ, ಒಂದೂ ತನ್ನದಲ್ಲ. ಜೇಬಿನೊಳಗೆ ಬ್ರಷ್ಷಿನ ಹಿಡಿಯನ್ನು ಹೆಬ್ಬೆರಳು ತಡಕುತ್ತಿತ್ತು.

"ಇಲ್ಲ," ಎಂದ. "ನನಗೆ ಎಟುಕಲ್ಲ."

ಮೇಡಂ ಸ್ಟೂಲು ಮಡಚಿದರು. "ಆಚೆಗೆ ಹೋಗೋಕೆ ದಾರಿ ಎಲ್ಲಿದೆ?"

ದಾರಿ ಎಂದರೆ ದೊಡ್ಡ ರಸ್ತೆ ಸುತ್ತಿಕೊಂಡೇ ಹೋಗಬೇಕು. ಮುಂದೆ ಮೇಡಂ, ಹಿಂದೆ ಸೆಕ್ರೆಟರಿ, ಅವರ ಹಿಂದೆ ಹೊತ್ತಾಯಿತು ಹೊತ್ತಾಯಿತು ಎನ್ನುತ್ತಲೇ ಹೆಂಡತಿ, ಕೊನೆಯಲ್ಲಿ ಅವನು. ಆ ಖಾಲಿ ನಿವೇಶನಕ್ಕೆ ಅವನು ಕಾಲಿಟ್ಟವನಲ್ಲ. ಒಡೆದ ಕಮೋಡು, ಹಳೇ ಹಾಸಿಗೆ, ಯಾರದೋ ಮನೆ ಕೆಡವಿದ ಸಿಮೆಂಟಿನ ಗಡ್ಡೆ. ಬೀದಿಯವರು ತಮಗೆ ಬೇಡದ್ದನ್ನೆಲ್ಲ ತಂದು ಸುರಿಯುವ ಜಾಗ ಎಂದು ಮೂಗು ಮುರಿದು, ತನ್ನ ಗಿಡದ ಬೆನ್ನನ್ನು ಇಷ್ಟು ವರ್ಷ ಅದಕ್ಕೇ ಒಪ್ಪಿಸಿಬಿಟ್ಟಿದ್ದ. ಕಸದ ನಡುವೆ ಕಾಲಿಡಲು ಜಾಗ ಹುಡುಕುತ್ತ ತಲೆಯೆತ್ತಿದಾಗ, ಮೊದಲು ಇದು ಬೇರೆ ಯಾರದೋ ಗಿಡ ಎನ್ನಿಸಿತು. ಈಚೆಯ ಬದಿಗೆ ಹುಟ್ಟುವ ಸೂರ್ಯ ನೇರವಾಗಿ ಬಿದ್ದಿದ್ದ. ಕೊಂಬೆಗಳು ಯಾರ ಶಿಸ್ತಿಗೂ ಸಿಗದೆ ಹೇಗೆ ಬೇಕೋ ಹಾಗೆ ಚಾಚಿ, ನೆಲ ಮುಟ್ಟಿ, ಮತ್ತೆ ಎದ್ದಿದ್ದವು. ಹೂ ಹೆಚ್ಚೋ ಎಲೆ ಹೆಚ್ಚೋ ಹೇಳುವಂತಿರಲಿಲ್ಲ. ಮತ್ತೆ ಆ ಹೂಗಳು ಅಲುಗುತ್ತಿದ್ದವು, ಗಾಳಿಯಿಲ್ಲದೆ.

"ಅಲ್ಲೇ ನಿಲ್ಲಿ, ಕೆಳಗೆ ನೋಡ್ಕೊಂಡು ಕಾಲಿಡಿ," ಎಂದರು ಮೇಡಂ. ದನಿ ಪಿಸುಮಾತಿಗೆ ಇಳಿದಿತ್ತು. ಗಿಡದ ಬುಡದಲ್ಲಿ, ಗಟ್ಟಿ ಬರಿನೆಲದ ಮೇಲೆ, ಮೊಳೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು, ಪ್ರತಿಯೊಂದರ ಬಾಯಿಗೂ ಒಂದು ಚಿಟಿಕೆ ಹೊಸ ಮಣ್ಣು. "ಒಂಟಿ ಜೇನು. ಇವು ಗೂಡು ಕಟ್ಟಲ್ಲ, ಒಂದೊಂದು ಹೆಣ್ಣಿಗೆ ಒಂದೊಂದು ಬಿಲ. ಇವು ಈ ಕಡೆ ಇನ್ನಿಲ್ಲ ಅಂತಲೇ ನಾವು ಅಂದ್ಕೊಂಡಿದ್ವಿ." ಒಂದು ಬಿಲದಿಂದ ಸಾಸಿವೆಗಿಂತ ಕೊಂಚ ದೊಡ್ಡದೊಂದು ತಲೆ ಹೊರಗೆ ಬಂತು, ಬಿಸಿಲು ನೋಡಿತು, ಹಾರಿತು.

"ನನ್ನ ಕಡೆ ಯಾಕೆ ಬರಲಿಲ್ಲ?" ಎಂದು ಕೇಳಿದ ಅವನು. ಕೇಳಿದ ಮೇಲೆ, ಮದುವೆಗೆ ಕರೆಯದ ನೆಂಟನ ದನಿಯಂತಾಯಿತಲ್ಲ ಎಂದು ನಾಚಿಕೆಯಾಯಿತು.

"ಮೊದಮೊದಲು ಅವಕ್ಕೆ ಈ ಗಿಡದ ಸುಳಿವೇ ಸಿಕ್ಕಿರಲ್ಲ. ಆಮೇಲೂ ನಿಮ್ಮ ಕಡೆ ಬಿಸಿಲು ಬರೋದೇ ತಡ ಸಾರ್. ಅದು ಬರೋ ಹೊತ್ತಿಗೆ ನೀವು ಹೂವೆಲ್ಲ ಗುಡಿಸಿ ಇಟ್ಟಿರ್ತೀರಿ. ಅವಕ್ಕೆ ಅಲ್ಲೇನು ಕೆಲಸ?" ಮೇಡಂ ಮೊದಲ ಸಲ ನಕ್ಕರು. "ಇನ್ನು ಆ ಬ್ರಷ್ ಬೇಡ. ಬೆಳಗ್ಗೆ ಆ ಕಡೆ ಸುಳೀಬೇಡಿ. ಈ ಜಾಗಾನೂ ಯಾರೂ ಅಗೀಬಾರದು, ಗುಡಿಸಬಾರದು, ಕಾರಂತೂ ಬೇಡವೇ ಬೇಡ. ನಾನು ಇವತ್ತೇ ಬರೆದು ಕೊಡ್ತೀನಿ."

ಸೆಕ್ರೆಟರಿ ತೂತುಗಳನ್ನು ನೋಡುತ್ತ ಬಗ್ಗಿದ್ದವರು, ಹಾಗೇ ಬಗ್ಗಿದ್ದಂತೆಯೇ, "ಅದಕ್ಕೇ ಅಲ್ವೇ ನಾನು ನಿಮ್ಮನ್ನ ಕರೆಸಿದ್ದು," ಎಂದರು. ಹೆಂಡತಿ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. "ಇವತ್ತು ಸ್ವಲ್ಪ ಲೇಟು, ಕಿಟಕೀಲಿ ನೀನೇ ಕೂತಿರೇ. ಇಲ್ಲ ಕಣೇ, ಯಾರಿಗೂ ಹುಷಾರು ತಪ್ಪಿಲ್ಲ. ನಮ್ಮನೇಲಿ ಒಂದು ಗಿಡ ಇದೆಯಲ್ಲಾ..." ಸವತಿ ಎನ್ನಲಿಲ್ಲ ಎಂಬುದನ್ನು ಅವನು ಗಮನಿಸಿದ.

ಆದರೆ ಅವನ ಕಣ್ಣು ಆ ಹುಳದ ಮೇಲಿತ್ತು. ಅದು ಒಂದು ಹೂವಿಗೆ ತಲೆಕೆಳಗಾಗಿ ನುಗ್ಗಿ, ಒದ್ದಾಡಿ, ಮೈಗೆಲ್ಲ ಹಳದಿ ಬಳಿದುಕೊಂಡು, ಅರ್ಧ ಪುಡಿಯನ್ನು ಕೆಳಗೆ ಚೆಲ್ಲಿ ಹೊರಗೆ ಬಿತ್ತು. ಪಕ್ಕದ ಹೂವನ್ನು ಬಿಟ್ಟು ಎಲ್ಲೋ ಮೇಲಕ್ಕೆ ಹಾರಿತು. ಮತ್ತೆ ಮೊದಲಿನ ಹೂವಿಗೇ ಬಂತು, ಮರೆತವರ ಹಾಗೆ. ಸಾಲಿಲ್ಲ, ಕ್ರಮವಿಲ್ಲ, ಒಂದು ಶ್ರದ್ಧೆ ಇಲ್ಲ. ತನ್ನ ಕೈಕೆಳಗಿನವನು ಹೀಗೆ ಹಲ್ಲಿಗೆ ಬಣ್ಣ ಹಚ್ಚಿದ್ದರೆ ಆ ಕ್ಷಣವೇ ಬ್ರಷ್ ಕಿತ್ತುಕೊಳ್ಳುತ್ತಿದ್ದ. ಆದರೂ ಅದರ ಸುತ್ತ, ಮೇಲೆ, ಕೆಳಗೆ, ಅವನು ಎಂದೂ ಮುಟ್ಟದ, ಎಂದೂ ನೋಡದ ಕೊಂಬೆಗಳಲ್ಲಿ ಕಾಯಿ ತುಂಬಿ ತುಳುಕುತ್ತಿತ್ತು. ತಾನು ಬೀಜ ಉಜ್ಜಿ ಭೂಮಿಗಿಟ್ಟ ಗಿಡ, ತನ್ನನ್ನು ಒಂದು ಮಾತೂ ಕೇಳದೆ, ಬೆನ್ನಹಿಂದೆ ಇಷ್ಟು ದೊಡ್ಡ ಸಂಸಾರ ಹೂಡಿಕೊಂಡಿತ್ತು. ಎದೆ ಅಗಲವಾದ ಹಾಗಾಯಿತು, ಅಂಗಿಯ ಗುಂಡಿ ಬಿಗಿಯಾದ ಹಾಗೆ. ಹುಳ ಇನ್ನೊಂದು ಹೂವಿಗೆ ಢಿಕ್ಕಿ ಹೊಡೆದು, ಜಾರಿ, ಎಲೆಯ ಮೇಲೆ ಬಿದ್ದು, ಸಾವರಿಸಿಕೊಂಡು ಎದ್ದಿತು.

"ಕೆಲಸ ಬಾರದ್ದು," ಎಂದು ಅವನು ಹಲ್ಲುಕಚ್ಚಿಕೊಂಡು ಗೊಣಗಿದ.

"ಏನಂದ್ರಿ ಸಾರ್?" ಮೇಡಂ ತಿರುಗಿ ನೋಡಿದರು.

"ಏನಿಲ್ಲ," ಎಂದ ಅವನು, ಬೀದಿಗೆಲ್ಲ ಕೇಳಿಸುವಂತೆ. "ನಮ್ಮವು, ಅಂದೆ."